ಪಾಲಿಮರೆಲ್ಲ ನೈಲಾನಲ್ಲ: ಬಿಲ್ಲಿನಲ್ಲಿ ವಸ್ತುವಿನ ನಿಜವಾದ ಹೆಸರು ಬರಲಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ವರ್ಷವಿಡೀ ಬೇಡಿಕೆ ಇರುವ ಸಾಮಗ್ರಿಗಳಲ್ಲಿ ಹಗ್ಗವೂ ಒಂದು. ದನ ಕಟ್ಟುವುದಕ್ಕೆ, ಅಡಿಕೆ ಒಣಗಿಸುವ ಚಪ್ಪರಕ್ಕೆ, ಮಳೆಗಾಲದಲ್ಲಿ ಟಾರ್ಪಾಲು ಬಿಗಿಯುವುದಕ್ಕೆ, ಬಾವಿಯಿಂದ ಪಂಪು ಎತ್ತುವುದಕ್ಕೆ, ಮರವೇರುವವನ ಸೊಂಟಕ್ಕೆ ಕಟ್ಟುವುದಕ್ಕೆ ಹೀಗೆ ಎಲ್ಲಕ್ಕೂ ಹಗ್ಗ ಬೇಕು. ಗಿರಾಕಿ ಕೇಳುವುದು ‘ನೈಲಾನ್ ಹಗ್ಗ’. ಅಂಗಡಿಯವರು ತೂಗಿ ಕೊಡುವುದು ಬಹಳಷ್ಟು ಸಲ ಪಾಲಿಪ್ರಾಪಿಲೀನ್ ಅಥವಾ ಪಾಲಿಥೀನ್ ಹಗ್ಗ. ಬಿಲ್ಲಿನಲ್ಲಿ ಬರೆಯುವುದು ಪುನಃ ‘ನೈಲಾನ್ ಹಗ್ಗ’. ಈ ವ್ಯವಹಾರದಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಆದರೂ ಮಾರಿದ ವಸ್ತು ಒಂದು, ಬರೆದ ಹೆಸರು ಇನ್ನೊಂದು.

ಇದೊಂದು ಕ್ಷುಲ್ಲಕ ವಿಷಯವೆಂದು ಅನೇಕರಿಗೆ ತೋರಬಹುದು. ದನ ಕಟ್ಟುವ ಹಗ್ಗದ ಮಟ್ಟಿಗೆ ಅದು ಕ್ಷುಲ್ಲಕವೇ ಸರಿ. ಆದರೆ ಅದೇ ಹಗ್ಗ ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಮರದ ತುದಿಯಲ್ಲಿರುವ ಕೊನೆಗೌಡನ ಜೀವಕ್ಕೆ ಆಧಾರವಾದಾಗ ಹೆಸರಿನ ವ್ಯತ್ಯಾಸ ಕ್ಷುಲ್ಲಕವಾಗಿ ಉಳಿಯುವುದಿಲ್ಲ. ಆದ್ದರಿಂದ ಪಾಲಿಮರ್ ಎಂದರೇನು, ನೈಲಾನ್ ಅದರಲ್ಲಿ ಯಾವ ಸ್ಥಾನದಲ್ಲಿದೆ, ವರ್ತಕನ ಬಿಲ್ಲಿಗೂ ಈ ರಸಾಯನಶಾಸ್ತ್ರಕ್ಕೂ ಏನು ಸಂಬಂಧ ಎಂಬುದನ್ನು ಮಲೆನಾಡಿನ ವ್ಯಾಪಾರಸ್ಥರು ಒಮ್ಮೆ ಯೋಚಿಸುವುದು ಅಗತ್ಯವಾಗಿದೆ.

ದ್ವೀಪದಂತಿದ್ದ ಮಾರುಕಟ್ಟೆ

ಈ ಯೋಚನೆಗೆ ಈಗ ಕಾಲವೂ ಕೂಡಿಬಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಶರಾವತಿಯ ಹಿನ್ನೀರು ಹರಡಿದ ಮೇಲೆ ಸಿಗಂದೂರು, ತುಮರಿ ಸುತ್ತಲಿನ ಊರುಗಳು ಸಾಗರ ಪೇಟೆಯಿಂದ ದೂರವಾದವು. ಹಲವು ದಶಕಗಳ ಕಾಲ ಚೌಡೇಶ್ವರಿಯ ಭಕ್ತರೂ, ಊರಿನ ರೋಗಿಗಳೂ, ದಿನಸಿ ಸಾಮಾನುಗಳೂ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಅಂದಿನಿಂದ ಸರಕು ತುಂಬಿದ ವಾಹನ ನೇರವಾಗಿ ಆಚೆ ದಡಕ್ಕೆ ಹೋಗಬಹುದಾಗಿದೆ.

ಮಾರುಕಟ್ಟೆ ವಿಸ್ತಾರವಾದಂತೆ ವ್ಯಾಪಾರದ ಸ್ವರೂಪವೂ ಬದಲಾಗುತ್ತದೆ. ಪರಿಚಯದ ಅಂಗಡಿ, ಪರಿಚಯದ ಗಿರಾಕಿ ಎಂಬ ವ್ಯವಸ್ಥೆಯಲ್ಲಿ ಬಾಯಿಮಾತೇ ಸಾಕು. ಹಗ್ಗ ಸರಿಯಿಲ್ಲದಿದ್ದರೆ ಮುಂದಿನ ಸಂತೆಯ ದಿನ ಹಿಂದಿರುಗಿಸಬಹುದು. ದೂರದಿಂದ ಸರಕು ಬರತೊಡಗಿದಾಗ, ಹಲವು ಊರುಗಳ ಮಾರಾಟಗಾರರು ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವಾಗ ಕೊಳ್ಳುವವನಿಗೆ ಉಳಿಯುವ ಆಧಾರವೆಂದರೆ ಬಿಲ್ಲು ಒಂದೇ. ಅದರಲ್ಲಿ ಬರೆದ ಹೆಸರು ನಂಬಿಕೆಗೆ ಅರ್ಹವಾಗಿರಬೇಕು.

ಪಾಲಿಮರ್ ಎಂಬ ಕುಟುಂಬ

‘ಪಾಲಿ’ ಎಂದರೆ ಗ್ರೀಕ್ ಭಾಷೆಯಲ್ಲಿ ಹಲವು, ‘ಮೆರೋಸ್’ ಎಂದರೆ ಭಾಗ. ಒಂದೇ ಬಗೆಯ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಂತೆ ಒಂದಕ್ಕೊಂದು ಬೆಸೆದುಕೊಂಡಾಗ ಪಾಲಿಮರ್ ಆಗುತ್ತದೆ. ಇಂಥ ದೀರ್ಘ ಸರಪಳಿಗಳು ನಿಜವಾಗಿಯೂ ಇವೆಯೆಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಪ್ರತಿಪಾದಿಸಿದಾಗ ಆ ಕಾಲದ ಅನೇಕ ವಿಜ್ಞಾನಿಗಳು ಒಪ್ಪಿರಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬರುವ ಹೊತ್ತಿಗೆ ಪಾಲಿಮರ್ ಉದ್ಯಮ ಜಗತ್ತಿನಾದ್ಯಂತ ಬೇರೂರಿತ್ತು.

ಪಾಲಿಮರ್ ಎಂದರೆ ಪ್ಲಾಸ್ಟಿಕ್ ಎಂದು ತಿಳಿಯುವುದು ತಪ್ಪು. ಅಡಿಕೆ ಹಾಳೆಯಲ್ಲಿರುವ ಸೆಲ್ಯುಲೋಸ್ ಒಂದು ಪಾಲಿಮರ್. ಅನ್ನದ ಪಿಷ್ಟ ಒಂದು ಪಾಲಿಮರ್. ಮೈಸೂರು ರೇಷ್ಮೆಯ ಎಳೆ, ಕುರಿಯ ಉಣ್ಣೆ, ಮಲೆನಾಡಿನ ಕೆಲವೆಡೆ ಬೆಳೆಯುವ ರಬ್ಬರ್ ಮರದ ಹಾಲಿನಿಂದ ದೊರೆಯುವ ರಬ್ಬರ್ ಇವೆಲ್ಲವೂ ಪ್ರಕೃತಿಯೇ ಹೆಣೆದ ಪಾಲಿಮರ್‌ಗಳು. ಮನುಷ್ಯ ಕಾರ್ಖಾನೆಯಲ್ಲಿ ಹೆಣೆದವು ಪಾಲಿಥೀನ್, ಪಾಲಿಪ್ರಾಪಿಲೀನ್, ಪಿವಿಸಿ, ನೈಲಾನ್ ಮುಂತಾದವು.

ಕಾರ್ಖಾನೆಯ ಪಾಲಿಮರ್‌ಗಳಲ್ಲಿ ಎರಡು ದೊಡ್ಡ ಪಂಗಡಗಳಿವೆ. ಕಾಯಿಸಿದರೆ ಕರಗಿ ಆರಿದರೆ ಗಟ್ಟಿಯಾಗುವ ಬೆಲ್ಲದಂತೆ ಮತ್ತೆ ಮತ್ತೆ ಕರಗಿಸಿ ಅಚ್ಚು ಹಾಕಬಹುದಾದವು ಥರ್ಮೋಪ್ಲಾಸ್ಟಿಕ್‌ಗಳು. ಒಮ್ಮೆ ಬೆಂದ ಇಡ್ಲಿ ಮತ್ತೆ ಹಿಟ್ಟಾಗದಂತೆ, ಒಮ್ಮೆ ಗಟ್ಟಿಯಾದ ಬಳಿಕ ಮರಳಿ ಕರಗದೆ ಇರುವವು ಥರ್ಮೋಸೆಟ್‌ಗಳು. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳಲ್ಲಿದ್ದ ಬೇಕಲೈಟ್ ಎರಡನೆಯ ಪಂಗಡಕ್ಕೆ ಸೇರಿದ್ದು.

ಥರ್ಮೋಪ್ಲಾಸ್ಟಿಕ್‌ಗಳಲ್ಲಿ ಪುನಃ ಎರಡು ದರ್ಜೆಗಳನ್ನು ವ್ಯಾಪಾರ ಜಗತ್ತು ಗುರುತಿಸಿದೆ. ಪಾಲಿಥೀನ್, ಪಾಲಿಪ್ರಾಪಿಲೀನ್, ಪಿವಿಸಿ, ಪಾಲಿಸ್ಟೈರೀನ್ ಇವು ಸಾಮಾನ್ಯ ದರ್ಜೆಯವು. ಬೆಲೆ ಕಡಿಮೆ, ಬಳಕೆ ಅಪಾರ. ಭಾರ ಹೊರುವ, ಸವೆತ ತಡೆಯುವ, ಹೆಚ್ಚು ಶಾಖ ಸಹಿಸುವ ಯಂತ್ರಭಾಗಗಳಿಗೆ ಲೋಹದ ಬದಲು ಬಳಸಬಹುದಾದವು ಎಂಜಿನಿಯರಿಂಗ್ ಥರ್ಮೋಪ್ಲಾಸ್ಟಿಕ್‌ಗಳು. ನೈಲಾನ್, ಪಾಲಿಕಾರ್ಬೊನೇಟ್, ಅಸೆಟಾಲ್ ಈ ದರ್ಜೆಯವು. ಇವುಗಳಲ್ಲಿ ಜನಸಾಮಾನ್ಯರಿಗೆ ಅತಿ ಹೆಚ್ಚು ಪರಿಚಿತವಾದ ಹೆಸರು ನೈಲಾನ್.

ಲೆಕ್ಕಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ‘ಪಾಲಿಮರ್’ ಎನ್ನುವುದು ಗುಂಪಿನ ಶೀರ್ಷಿಕೆ, ‘ನೈಲಾನ್’ ಎನ್ನುವುದು ಆ ಗುಂಪಿನೊಳಗಿನ ಒಂದು ಖಾತೆ. ‘ಬಾಕಿದಾರರು’ ಎಂಬ ಶೀರ್ಷಿಕೆಯ ಮೊತ್ತವನ್ನು ಒಬ್ಬನೇ ಬಾಕಿದಾರನ ಹೆಸರಿಗೆ ಬರೆಯುವ ಗುಮಾಸ್ತನನ್ನು ಯಾವ ವರ್ತಕನೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಹಗ್ಗದ ವಿಷಯದಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ. ಇಡೀ ಕುಟುಂಬದ ಸದಸ್ಯರನ್ನೆಲ್ಲ ಒಬ್ಬ ಸದಸ್ಯನ ಹೆಸರಿನಿಂದ ಕರೆಯಲಾಗುತ್ತಿದೆ.

ನೈಲಾನಿನ ಹುಟ್ಟು ಮತ್ತು ಗುಣ

ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೋದರ್ಸ್ ಅವರ ತಂಡ 1935ರ ಫೆಬ್ರುವರಿ 28ರಂದು ನೈಲಾನ್ 66 ಎಂಬ ಪಾಲಿಮರನ್ನು ತಯಾರಿಸಿತು. ಅದನ್ನು ಕಟ್ಟುವ ಎರಡು ಬಗೆಯ ಅಣುಗಳಲ್ಲಿಯೂ ಆರಾರು ಇಂಗಾಲದ ಪರಮಾಣುಗಳಿರುವುದರಿಂದ ಆ ಸಂಖ್ಯೆ ಬಂದಿತು. 1938ರಲ್ಲಿ ಜರ್ಮನಿಯ ಪಾಲ್ ಶ್ಲಾಕ್ ಅವರು ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ವಸ್ತುವಿನಿಂದ ನೈಲಾನ್ 6 ತಯಾರಿಸಿದರು. ಭಾರತದಲ್ಲಿ ವಡೋದರದ ಗುಜರಾತ್ ಸ್ಟೇಟ್ ಫರ್ಟಿಲೈಸರ್ಸ್ ಅಂಡ್ ಕೆಮಿಕಲ್ಸ್ ಸಂಸ್ಥೆ ಕ್ಯಾಪ್ರೊಲ್ಯಾಕ್ಟಮನ್ನೂ ನೈಲಾನ್ 6ನ್ನೂ ಉತ್ಪಾದಿಸುತ್ತದೆ. ನಮ್ಮದೇ ಕರಾವಳಿಯ ಎಂಆರ್‌ಪಿಎಲ್ ಸಂಸ್ಥೆ ಮಂಗಳೂರಿನಲ್ಲಿ ಉತ್ಪಾದಿಸುವುದು ಪಾಲಿಪ್ರಾಪಿಲೀನನ್ನು. ಘಟ್ಟದ ಕೆಳಗಿನ ಈ ಕಾಳುಗಳೂ ವಡೋದರದ ಕಾಳುಗಳೂ ಮೇಲ್ನೋಟಕ್ಕೆ ಅಕ್ಕಿಯಂತೆ ಒಂದೇ ರೀತಿ ಕಾಣಬಹುದು. ಗುಣ ಮಾತ್ರ ಬೇರೆ ಬೇರೆ.

ಈ ವ್ಯತ್ಯಾಸದ ಮೂಲ ಸರಪಳಿಯ ಕೊಂಡಿಯಲ್ಲಿದೆ. ಪಾಲಿಥೀನ್ ಮತ್ತು ಪಾಲಿಪ್ರಾಪಿಲೀನ್‌ಗಳ ಸರಪಳಿಯಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಆದ್ದರಿಂದ ಅವು ಎಣ್ಣೆ, ಮೇಣಗಳ ಸ್ವಭಾವದವು. ನೀರನ್ನು ಹತ್ತಿರ ಸೇರಿಸುವುದಿಲ್ಲ. ನೈಲಾನಿನ ಸರಪಳಿಯಲ್ಲಿ ಸಾರಜನಕ ಮತ್ತು ಆಮ್ಲಜನಕಗಳನ್ನು ಒಳಗೊಂಡ ಅಮೈಡ್ ಎಂಬ ಕೊಂಡಿ ಇದೆ. ರೇಷ್ಮೆ ಮತ್ತು ಉಣ್ಣೆಗಳಲ್ಲಿ ಇರುವುದೂ ಇದೇ ಕೊಂಡಿ. ಅಕ್ಕಪಕ್ಕದ ಸರಪಳಿಗಳು ಈ ಕೊಂಡಿಗಳ ಮೂಲಕ ಪರಸ್ಪರ ಹಿಡಿದುಕೊಳ್ಳುವುದರಿಂದ ನೈಲಾನಿಗೆ ಬಲ ಬರುತ್ತದೆ, ಶಾಖ ಸಹಿಸುವ ಶಕ್ತಿ ಬರುತ್ತದೆ. ಪಾಲಿಪ್ರಾಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ನೈಲಾನ್ 6 ಕರಗಲು ಸುಮಾರು 220 ಡಿಗ್ರಿ, ನೈಲಾನ್ 66 ಕರಗಲು ಸುಮಾರು 260 ಡಿಗ್ರಿ ಬೇಕು.

ಆದರೆ ಬಲ ಕೊಡುವ ಅದೇ ಕೊಂಡಿ ನೀರನ್ನೂ ಆಕರ್ಷಿಸುತ್ತದೆ. ನೈಲಾನ್ ತೇವವನ್ನು ಹೀರಿ ಸ್ವಲ್ಪ ಉಬ್ಬುತ್ತದೆ. ಹಸಿಯಾದ ನೈಲಾನ್ ಹಗ್ಗದ ಬಲ ಸಾಮಾನ್ಯವಾಗಿ ಶೇಕಡ 10ರಿಂದ 15ರಷ್ಟು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಇದಕ್ಕೆ ಇನ್ನೊಂದು ಮುಖವೂ ಇದೆ. ತೋಟದ ಕಳೆ ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ಕೆಲವರು ಮುನ್ನಾದಿನ ನೀರಿನಲ್ಲಿ ನೆನೆಹಾಕುತ್ತಾರೆ. ಒಣಗಿದ ನೈಲಾನ್ ಪೆಡಸಾಗಿ ಬೇಗ ತುಂಡಾಗುತ್ತದೆ, ನೀರು ಕುಡಿದದ್ದು ಬಾಗಿ ಬಾಳಿಕೆ ಬರುತ್ತದೆ. ರಸಾಯನಶಾಸ್ತ್ರ ಓದದೆಯೇ ಅನುಭವದಿಂದ ಕಂಡುಕೊಂಡ ಸತ್ಯ ಇದು.

ಹಿನ್ನೀರಿನ ಮೀನುಗಾರರಿಗೂ ಈ ಭೇದ ಹೊಸದಲ್ಲ. ನೀರಿನ ಸಾಂದ್ರತೆ 1 ಆದರೆ ನೈಲಾನಿನದು ಸುಮಾರು 1.14, ಪಾಲಿಪ್ರಾಪಿಲೀನಿನದು ಸುಮಾರು 0.91. ನೈಲಾನ್ ಮುಳುಗುತ್ತದೆ, ಪಾಲಿಪ್ರಾಪಿಲೀನ್ ತೇಲುತ್ತದೆ. ಆದ್ದರಿಂದಲೇ ನೀರಿನಲ್ಲಿ ಇಳಿಬಿಡುವ ಬಲೆಗೆ ನೈಲಾನ್ ದಾರವನ್ನೂ, ಬಲೆಯ ಮೇಲಂಚನ್ನು ತೇಲಿಸಿಡುವ ಹಗ್ಗಕ್ಕೆ ಪಾಲಿಪ್ರಾಪಿಲೀನ್ ಅಥವಾ ಪಾಲಿಥೀನನ್ನೂ ಬಳಸುವುದು ರೂಢಿಯಲ್ಲಿದೆ. ಒಂದೇ ಬಲೆಯಲ್ಲಿ ಎರಡು ಪಾಲಿಮರ್‌ಗಳು ತಮ್ಮ ತಮ್ಮ ಕೆಲಸ ಮಾಡುತ್ತವೆ.

ತೂಕದ ಲೆಕ್ಕ, ಬಲದ ಲೆಕ್ಕ

ಹಗ್ಗ ಮಾರಾಟವಾಗುವುದು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಒಂದೇ ದಪ್ಪದ, ಒಂದೇ ರೀತಿ ಹೊಸೆದ ಎರಡು ಹಗ್ಗಗಳನ್ನು ತೂಗಿದರೆ, ನೈಲಾನಿಗಿಂತ ಹಗುರವಾದ ಪಾಲಿಪ್ರಾಪಿಲೀನ್ ಹಗ್ಗ ಒಂದು ಕಿಲೋಗೆ ಸುಮಾರು ಕಾಲು ಭಾಗದಷ್ಟು ಹೆಚ್ಚು ಉದ್ದ ಬರುತ್ತದೆ. ಕಿಲೋ ಬೆಲೆಯೂ ನೈಲಾನಿಗಿಂತ ಕಡಿಮೆ. ಗಿರಾಕಿಗೆ ‘ನೈಲಾನ್ ಹಗ್ಗ’ ಅಗ್ಗವಾಗಿಯೂ ಉದ್ದವಾಗಿಯೂ ದೊರೆತಂತಾಗಿ ಸಂತೋಷವಾಗುತ್ತದೆ. ನಿಜವಾದ ನೈಲಾನ್ ಇಟ್ಟ ಅಂಗಡಿಯವರು ದುಬಾರಿ ಎನ್ನಿಸಿಕೊಳ್ಳುತ್ತಾರೆ. ಸರಿಯಾದ ಸರಕು ಇಟ್ಟವನಿಗೇ ನಷ್ಟವಾಗುವ ಪೈಪೋಟಿ ಯಾವ ಮಾರುಕಟ್ಟೆಗೂ ಒಳ್ಳೆಯದಲ್ಲ.

ಬಲದ ಲೆಕ್ಕ ಬೇರೆ. ಸ್ಥೂಲವಾಗಿ ಹೇಳುವುದಾದರೆ ಒಂದೇ ದಪ್ಪದ ನೈಲಾನ್ ಹಗ್ಗಕ್ಕೆ ಹೋಲಿಸಿದಾಗ ಪಾಲಿಪ್ರಾಪಿಲೀನ್ ಹಗ್ಗದ ಬಲ ಮೂರರಲ್ಲಿ ಎರಡು ಪಾಲಿನಷ್ಟು. ಇದಕ್ಕಿಂತ ಮುಖ್ಯವಾದುದು ಹಿಗ್ಗುವ ಗುಣ. ಸಾಮಾನ್ಯ ಬಳಕೆಯ ಹಗ್ಗಗಳಲ್ಲಿ ನೈಲಾನ್ ಅತಿ ಹೆಚ್ಚು ಹಿಗ್ಗಿ ಮರಳಿ ಮೊದಲಿನಂತಾಗುತ್ತದೆ. ಮರದ ಮೇಲಿನಿಂದ ಮನುಷ್ಯ ಜಾರಿದಾಗ ಹಗ್ಗ ಹಿಗ್ಗಿ ಬೀಳುವಿಕೆಯ ಹೊಡೆತವನ್ನು ಹೀರಿಕೊಳ್ಳಬೇಕು. ಹಿಗ್ಗದ ಹಗ್ಗ ತುಂಡಾಗಬಹುದು. ತುಂಡಾಗದಿದ್ದರೆ ಆ ಹೊಡೆತವೆಲ್ಲ ಬಿದ್ದವನ ಸೊಂಟಕ್ಕೂ ಬೆನ್ನಿಗೂ ತಗಲುತ್ತದೆ. ರಕ್ಷಕ ದ್ರವ್ಯ ಸೇರಿಸದ ಪಾಲಿಪ್ರಾಪಿಲೀನ್ ಬಿಸಿಲಿಗೆ ಬೇಗ ಶಿಥಿಲವಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ತೋಟದ ಬೇಲಿಯ ಮೇಲೆ ಎರಡು ಬೇಸಗೆ ಕಳೆದ ಹಗ್ಗದ ಮೇಲೆ ಜೀವಭಾರ ಹಾಕುವುದು ವಿವೇಕವಲ್ಲ.

ಕೊನೆ ತೆಗೆಯುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕುಶಲಕರ್ಮಿಗಳ ಸಂಖ್ಯೆ ಮಲೆನಾಡಿನಲ್ಲಿ ಕಡಿಮೆಯಾಗುತ್ತಿದೆ. ಇರುವವರ ಸುರಕ್ಷತೆ ಅವರ ಮನೆಯ ವಿಷಯ ಮಾತ್ರವಲ್ಲ, ಅಡಿಕೆಯನ್ನು ಅವಲಂಬಿಸಿದ ಇಡೀ ವ್ಯಾಪಾರದ ವಿಷಯ.

‘ಫೈಬರ್’ ಎಂಬ ಇನ್ನೊಂದು ಹೆಸರು

ಮರವೇರುವವರ ಅಭಾವದಿಂದಲೇ ನೆಲದಲ್ಲಿ ನಿಂತು ಕೊನೆ ತೆಗೆಯುವ, ಔಷಧಿ ಸಿಂಪಡಿಸುವ ಉದ್ದನೆಯ ದೋಟಿಗಳು ಇತ್ತೀಚಿನ ವರ್ಷಗಳಲ್ಲಿ ಜನಪ್ರಿಯವಾಗಿವೆ. ಇವನ್ನು ‘ಫೈಬರ್ ದೋಟಿ’ ಎಂದು ಕರೆಯುವುದುಂಟು. ಹೆಸರು ಕೇಳಿದವರಿಗೆ ಇದು ಪ್ಲಾಸ್ಟಿಕ್ಕಿನ ವಸ್ತು, ಆದ್ದರಿಂದ ಕರೆಂಟು ಹರಿಯದು ಎಂಬ ಭಾವನೆ ಬರುವುದು ಸಹಜ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗಲಿದರೆ ಪ್ರಾಣಾಪಾಯವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೇ ಎಂಬುದು ಎಲ್ಲರಿಗೂ ತಿಳಿದಿಲ್ಲ. ಇಂಥ ದೋಟಿಯಲ್ಲಿ ಇಂಗಾಲದ ಎಳೆಗಳನ್ನು ಹಿಡಿದಿಡುವ ಎಪಾಕ್ಸಿಯಂಥ ಅಂಟು ಥರ್ಮೋಸೆಟ್ ಪಾಲಿಮರ್. ಅದು ವಿದ್ಯುತ್ ನಿರೋಧಕ. ಎಳೆಗಳು ಮಾತ್ರ ವಾಹಕ. ಗಾಜಿನ ಎಳೆಗಳಿಂದ ಮಾಡಿದ ಗ್ಲಾಸ್ ಫೈಬರ್ ದೋಟಿಯಾದರೆ ಎಳೆಗಳೂ ನಿರೋಧಕ, ಆದರೂ ಮಳೆಯಲ್ಲಿ ನೆನೆದಾಗ ಅದನ್ನೂ ನಂಬಬಾರದು.

ಎರಡಕ್ಕೂ ‘ಫೈಬರ್ ದೋಟಿ’ ಎಂದು ಬಿಲ್ಲು ಬರೆದರೆ ಕೊಂಡವನಿಗೆ ಯಾವುದು ಎಂದು ತಿಳಿಯುವ ದಾರಿಯಿಲ್ಲ. ತೋಟದ ಮೇಲೆ ವಿದ್ಯುತ್ ತಂತಿ ಹಾದುಹೋಗುವ ಊರುಗಳಲ್ಲಿ ‘ಕಾರ್ಬನ್’ ಎಂಬ ಪದ ಬಿಟ್ಟುಹೋಗುವುದರ ಬೆಲೆ ಒಂದು ಜೀವವಾಗಬಹುದು. ನೈಲಾನ್ ಹಗ್ಗದಲ್ಲಿ ಆದ ತಪ್ಪು ಹೆಸರಿನ ಸಮಸ್ಯೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸುತ್ತದೆ.

ಕಾನೂನು ಏನು ಹೇಳುತ್ತದೆ

ವಸ್ತುವಿನ ಹೆಸರು ಕಾನೂನಿನ ದೃಷ್ಟಿಯಲ್ಲಿ ಕೇವಲ ಗುರುತಲ್ಲ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದ ಪ್ರಕಾರ, ವರ್ಣನೆಯ ಆಧಾರದ ಮೇಲೆ ಸರಕನ್ನು ಮಾರಿದಾಗ ಸರಕು ಆ ವರ್ಣನೆಗೆ ಹೊಂದಿಕೆಯಾಗಬೇಕೆಂಬ ಷರತ್ತು ತಾನಾಗಿಯೇ ಸೇರಿರುತ್ತದೆ. ಅಂಗಡಿಯವರು ಬಾಯಲ್ಲಿ ಹೇಳಲಿ ಬಿಡಲಿ, ‘ನೈಲಾನ್’ ಎಂದು ಬರೆದ ಮೇಲೆ ಅದು ನೈಲಾನ್ ಆಗಿರಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಸರಕಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕನ ಹಕ್ಕೆಂದು ಹೇಳಿದೆ. ಅದೇ ಅಧಿನಿಯಮದ 86ನೆಯ ಪ್ರಕರಣ ಇನ್ನೂ ಗಮನಾರ್ಹ. ತಯಾರಕನು ನೀಡದ ಭರವಸೆಯನ್ನು ಮಾರಾಟಗಾರನೇ ಸ್ವತಂತ್ರವಾಗಿ ನೀಡಿ, ಸರಕು ಅದಕ್ಕೆ ತಕ್ಕಂತಿಲ್ಲದೆ ಹಾನಿಯಾದರೆ ಹೊಣೆ ಮಾರಾಟಗಾರನ ಮೇಲೆ ಬರುತ್ತದೆ. ತಯಾರಕನ ಚೀಟಿಯಲ್ಲಿ ‘ಪಿಪಿ’ ಎಂದಿದ್ದು ಅಂಗಡಿಯ ಬಿಲ್ಲಿನಲ್ಲಿ ‘ನೈಲಾನ್’ ಎಂದಿದ್ದರೆ ಇಂಥ ವಾದಕ್ಕೆ ಅಂಗಡಿಯವರೇ ಎಡೆ ಮಾಡಿಕೊಟ್ಟಂತಾಗುತ್ತದೆ.

ಜಿಎಸ್‌ಟಿ ವ್ಯವಸ್ಥೆಯಲ್ಲಿಯೂ ಈ ಭೇದ ಇದೆ. ಕಚ್ಚಾ ರೂಪದಲ್ಲಿ ಪಾಲಿಥೀನಿಗೆ 3901, ಪಾಲಿಪ್ರಾಪಿಲೀನಿಗೆ 3902, ನೈಲಾನ್ ಸೇರಿದ ಪಾಲಿಅಮೈಡ್‌ಗಳಿಗೆ 3908 ಎಂಬ ಪ್ರತ್ಯೇಕ ಎಚ್‌ಎಸ್‌ಎನ್ ಶೀರ್ಷಿಕೆಗಳಿವೆ. ಹೊಸೆದು ಹಗ್ಗವಾದ ಮೇಲೆ ಎಲ್ಲವೂ 5607 ಎಂಬ ಒಂದೇ ಶೀರ್ಷಿಕೆಗೆ ಬರುತ್ತವೆ. ಕತ್ತಾಳೆಯ ಹಗ್ಗವೂ ಅಲ್ಲಿಯೇ. ಆರು ಅಂಕಿಗಳಿಗೆ ಹೋದಾಗ ಪಾಲಿಥೀನ್ ಮತ್ತು ಪಾಲಿಪ್ರಾಪಿಲೀನ್ ಹಗ್ಗಗಳು 560741 ಮತ್ತು 560749ರಲ್ಲಿ, ನೈಲಾನ್ ಮೊದಲಾದ ಇತರ ಕೃತಕ ನಾರಿನ ಹಗ್ಗಗಳು 560750ರಲ್ಲಿ ಬೇರ್ಪಡುತ್ತವೆ. 2021ರ ಏಪ್ರಿಲ್ 1ರಿಂದ ಅನ್ವಯವಾದ ನಿಯಮದಂತೆ ಹಿಂದಿನ ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 6 ಅಂಕಿ ಬರೆಯಬೇಕು, ಉಳಿದವರಿಗೆ 4 ಅಂಕಿ ಸಾಕು. ಅಂದರೆ ಸಗಟು ವ್ಯಾಪಾರಿಯ ಬಿಲ್ಲಿನಲ್ಲಿ ಕಾಣುವ ಭೇದ ತಾಲ್ಲೂಕು ಕೇಂದ್ರದ ಚಿಲ್ಲರೆ ಅಂಗಡಿಯನ್ನು ತಲಪುವ ಹೊತ್ತಿಗೆ ಎರಡು ಅಂಕಿಗಳೊಂದಿಗೆ ಅಳಿಸಿಹೋಗಿರುತ್ತದೆ. ಸಣ್ಣ ವರ್ತಕರಿಗೆ ನೀಡಿದ ಈ ರಿಯಾಯಿತಿ ಸ್ವಾಗತಾರ್ಹವೇ. ಆದರೆ ಸಂಕೇತದಲ್ಲಿ ಅಳಿಸಿದ್ದನ್ನು ಅಕ್ಷರದಲ್ಲಿ ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 46ನೆಯ ನಿಯಮ ತೆರಿಗೆ ಬಿಲ್ಲಿನಲ್ಲಿ ಸರಕಿನ ವರ್ಣನೆ ಇರಬೇಕೆಂದು ಹೇಗೂ ವಿಧಿಸಿದೆ.

ದಾಸ್ತಾನಿನ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ. ಬೇರೆ ಬೇರೆ ಖರೀದಿ ಬೆಲೆಯ ಎರಡು ವಸ್ತುಗಳನ್ನು ‘ಹಗ್ಗ’ ಎಂಬ ಒಂದೇ ತಲೆಬರಹದಡಿ ಸೇರಿಸಿ ಸರಾಸರಿ ಬೆಲೆ ಕಟ್ಟಿದರೆ ವರ್ಷಾಂತ್ಯದಲ್ಲಿ ಯಾವುದರಲ್ಲಿ ಲಾಭ ಬಂತು, ಯಾವುದರಲ್ಲಿ ಬಂಡವಾಳ ಸಿಕ್ಕಿಹಾಕಿಕೊಂಡಿತು ಎಂಬುದು ಮಾಲೀಕನಿಗೇ ತಿಳಿಯುವುದಿಲ್ಲ. ಹೆಸರನ್ನು ಸರಿಯಾಗಿ ಬರೆಯುವುದರ ಮೊದಲ ಪ್ರಯೋಜನ ಗಿರಾಕಿಗಿಂತ ಮೊದಲು ಅಂಗಡಿಯವರಿಗೇ ದೊರೆಯುತ್ತದೆ.

ಅಂಗಡಿಯವರ ವಾದದಲ್ಲಿ ಹುರುಳಿದೆ

ಇದಕ್ಕೆ ವ್ಯಾಪಾರಸ್ಥರು ಒಡ್ಡುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಗಿರಾಕಿಯೇ ‘ನೈಲಾನ್’ ಎಂದು ಕೇಳುತ್ತಾನೆ. ವನಸ್ಪತಿಯನ್ನು ‘ಡಾಲ್ಡಾ’ ಎಂದೂ, ನೆರಳಚ್ಚನ್ನು ‘ಜೆರಾಕ್ಸ್’ ಎಂದೂ ಕರೆದಂತೆ ಇದು ಜನರೇ ರೂಢಿಸಿದ ಮಾತು. ಮಾತಿಗೆ ಸರಿಯಾಗಿ ಬಿಲ್ಲು ಬರೆದರೆ ತಪ್ಪೇನು ಎಂಬುದು ಮೊದಲ ಪ್ರಶ್ನೆ. ಸಗಟು ಬಿಲ್ಲಿನಲ್ಲಿಯೇ ಬರೀ ‘ರೋಪ್’ ಎಂದಿದ್ದರೆ ಚಿಲ್ಲರೆ ಅಂಗಡಿಯವರು ಪಾಲಿಮರಿನ ಹೆಸರನ್ನು ಎಲ್ಲಿಂದ ತರಬೇಕು ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸರಳ. ಕೌಂಟರಿನ ಮೇಲಿನ ಮಾತು ರೂಢಿಯಂತೆ ಇರಲಿ, ಬಿಲ್ಲಿನ ಅಕ್ಷರ ವಸ್ತುವಿನಂತೆ ಇರಲಿ. ಎರಡನೆಯದು ನ್ಯಾಯವಾದ ಪ್ರಶ್ನೆ. ಹೊಣೆ ಮೇಲಿನಿಂದ ಕೆಳಗೆ ಹರಿದು ಬರಬೇಕು. ತಯಾರಕರೂ ಸಗಟು ವ್ಯಾಪಾರಿಗಳೂ ಪಾಲಿಮರಿನ ಹೆಸರನ್ನು ಬರೆಯದ ಹೊರತು ಸಾಗರದ ಅಥವಾ ತುಮರಿಯ ಅಂಗಡಿಯವರನ್ನು ದೂರುವುದು ಸರಿಯಲ್ಲ.

ನೈಲಾನೇ ಶ್ರೇಷ್ಠ, ಉಳಿದದ್ದು ಕನಿಷ್ಠ ಎಂಬ ತಪ್ಪು ತಿಳಿವಳಿಕೆಯೂ ಬೇಡ. ಮಳೆಗಾಲದಲ್ಲಿ ಟಾರ್ಪಾಲು ಕಟ್ಟಲು ನೀರು ಹೀರದ ಪಾಲಿಪ್ರಾಪಿಲೀನ್ ಹಗ್ಗವೇ ಹೆಚ್ಚು ಅನುಕೂಲ. ಹೊಳೆಯಲ್ಲಿ ಬಿದ್ದವನಿಗೆ ಎಸೆಯಲು ತೇಲುವ ಹಗ್ಗವೇ ಬೇಕು. ಸಿಗಂದೂರಿನಂಥ ಕೇಬಲ್ ಸೇತುವೆಗಳಲ್ಲಿ ಉಕ್ಕಿನ ಎಳೆಗಳಿಗೆ ನೀರು ತಗಲದಂತೆ ಸಾಮಾನ್ಯವಾಗಿ ಹೊದಿಸುವುದು ನೈಲಾನನ್ನಲ್ಲ, ಅಗ್ಗದ ದರ್ಜೆಗೆ ಸೇರಿದ ಎಚ್‌ಡಿಪಿಇ ಕೊಳವೆಯನ್ನು. ಕೆಲಸಕ್ಕೆ ತಕ್ಕ ಪಾಲಿಮರ್ ಆರಿಸಬೇಕು. ಆರಿಸಬೇಕಾದರೆ ಹೆಸರು ಗೊತ್ತಿರಬೇಕು.

ಮಾಡಬಹುದಾದ ಕೆಲಸಗಳು

ಇದಕ್ಕೆ ಹೊಸ ಕಾನೂನಾಗಲಿ, ದೊಡ್ಡ ವೆಚ್ಚವಾಗಲಿ ಬೇಕಿಲ್ಲ. ವಾಣಿಜ್ಯ ಸಂಘಗಳು ಮನಸ್ಸು ಮಾಡಿದರೆ ಒಂದು ಹಂಗಾಮಿನೊಳಗೆ ಆಗಬಹುದಾದ ಕೆಲಸಗಳು ಇವು.

ಮೊದಲನೆಯದಾಗಿ, ಸದಸ್ಯ ವರ್ತಕರು ಸಗಟು ಖರೀದಿಯಲ್ಲಿ ಪಾಲಿಮರಿನ ಹೆಸರು ಬರೆದ ಬಿಲ್ಲನ್ನೇ ಕೇಳುವ ರೂಢಿ ಮಾಡಿಕೊಳ್ಳಬೇಕು. ಒಬ್ಬ ಅಂಗಡಿಯವರು ಕೇಳಿದರೆ ಸಗಟು ವ್ಯಾಪಾರಿ ಲಕ್ಷ್ಯಕ್ಕೆ ತಾರದಿರಬಹುದು. ಮೂರು ತಾಲ್ಲೂಕುಗಳ ವರ್ತಕರು ಒಟ್ಟಾಗಿ ಕೇಳಿದರೆ ಇಲ್ಲವೆನ್ನಲಾರರು.

ಎರಡನೆಯದಾಗಿ, ಬಿಲ್ಲಿನ ತಂತ್ರಾಂಶದಲ್ಲಿ ‘ಹಗ್ಗ – ಪಿಪಿ’, ‘ಹಗ್ಗ – ಎಚ್‌ಡಿಪಿಇ’, ‘ಹಗ್ಗ – ನೈಲಾನ್’, ‘ದೋಟಿ – ಕಾರ್ಬನ್ ಫೈಬರ್’, ‘ದೋಟಿ – ಗ್ಲಾಸ್ ಫೈಬರ್’ ಎಂದು ಪ್ರತ್ಯೇಕ ಸರಕುಗಳನ್ನು ನಮೂದಿಸಬೇಕು. ಇದು ಅರ್ಧ ದಿನದ ಕೆಲಸ.

ಮೂರನೆಯದಾಗಿ, ಜೀವರಕ್ಷಣೆಗೆ ಬಳಸುವ ಸಾಮಗ್ರಿಯನ್ನು ಸಾಮಾನ್ಯ ಹಗ್ಗದ ಜೊತೆ ಇಡಬಾರದು. ಪಾಲಿಅಮೈಡ್ ಹಗ್ಗಕ್ಕೂ ಪಾಲಿಪ್ರಾಪಿಲೀನ್ ಹಗ್ಗಕ್ಕೂ ಭಾರತೀಯ ಮಾನಕ ಬ್ಯೂರೋ ಪ್ರತ್ಯೇಕ ಮಾನಕಗಳನ್ನು ರೂಪಿಸಿದೆ. ಎತ್ತರದಲ್ಲಿ ಕೆಲಸ ಮಾಡುವವರ ಸುರಕ್ಷಾ ಪಟ್ಟಿಗಳಿಗೆ ಐಎಸ್ 3521 ಎಂಬ ಮಾನಕ ಇದೆ. ಮರವೇರುವುದಕ್ಕೆಂದು ಕೇಳಿದವರಿಗೆ ಕಿಲೋ ಲೆಕ್ಕದ ಹಗ್ಗ ತೂಗಿ ಕೊಡದೆ ಇಂಥ ಗುರುತುಳ್ಳ ಸಾಮಗ್ರಿಯನ್ನೇ ತೋರಿಸಬೇಕು.

ನಾಲ್ಕನೆಯದಾಗಿ, ಅಡಿಕೆ ಬೆಳೆಗಾರರ ವಿಶ್ವಾಸ ಗಳಿಸಿರುವ ಮ್ಯಾಮ್‌ಕೋಸ್, ಆಪ್ಸ್‌ಕೋಸ್‌ನಂಥ ಸಹಕಾರಿ ಸಂಸ್ಥೆಗಳ ಸಹಯೋಗದಲ್ಲಿ ಒಂದು ಪುಟದ ಕನ್ನಡ ಫಲಕವನ್ನು ಸಿದ್ಧಪಡಿಸಿ ಅಂಗಡಿಗಳಲ್ಲಿ ತೂಗುಹಾಕಬಹುದು. ಮೈಸೂರಿನಲ್ಲಿರುವ ಸಿಪೆಟ್ ಸಂಸ್ಥೆ ಪ್ಲಾಸ್ಟಿಕ್ ಪರೀಕ್ಷೆ ಮತ್ತು ತರಬೇತಿಯನ್ನೇ ಕೆಲಸವಾಗಿ ಉಳ್ಳದ್ದು. ಫಲಕದ ವಿಷಯವನ್ನು ಅಲ್ಲಿನ ತಜ್ಞರಿಂದ ಪರಿಶೀಲಿಸಿಕೊಳ್ಳಬಹುದು.

ಗಿರಾಕಿಗಳಿಗೂ ಒಂದು ಸುಲಭ ಪರೀಕ್ಷೆ ಇದೆ. ಹಗ್ಗದ ಒಂದು ಎಳೆಯನ್ನು ಬಿಡಿಸಿ, ಗಾಳಿಯ ಗುಳ್ಳೆ ಉಳಿಯದಂತೆ ಬೆರಳಲ್ಲಿ ಒತ್ತಿ, ನೀರು ತುಂಬಿದ ಲೋಟದಲ್ಲಿ ಮುಳುಗಿಸಿ ಬಿಡಬೇಕು. ಅದು ತೇಲಿದರೆ ನೈಲಾನ್ ಅಲ್ಲವೇ ಅಲ್ಲ. ಆದರೆ ಮುಳುಗಿತೆಂದ ಮಾತ್ರಕ್ಕೆ ನೈಲಾನೆಂದು ತೀರ್ಮಾನಿಸಬಾರದು. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಲೋಟದ ಪರೀಕ್ಷೆ ಅನುಮಾನ ಹುಟ್ಟಿಸಬಲ್ಲದೇ ಹೊರತು ಭರವಸೆ ಕೊಡಲಾರದು. ಭರವಸೆ ಕೊಡಬೇಕಾದದ್ದು ತಯಾರಕನ ಗುರುತು ಮತ್ತು ವರ್ತಕನ ಬಿಲ್ಲು.

ಮಲೆನಾಡಿನ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಭೇದವನ್ನು ಯಾರೂ ಮರೆಯುವುದಿಲ್ಲ. ಗೊರಬಲನ್ನು ಸರಕು ಎಂದು ಬರೆದು ಕೊಟ್ಟರೆ ಮಂಡಿಯಲ್ಲಿ ಯಾರೂ ಒಪ್ಪುವುದಿಲ್ಲ. ಎಲ್ಲವೂ ಅಡಿಕೆಯೇ ಅಲ್ಲವೇ ಎಂದು ಯಾರೂ ವಾದಿಸುವುದೂ ಇಲ್ಲ. ತಾವು ಮಾರುವ ಬೆಳೆಯಲ್ಲಿ ಇಷ್ಟು ಸೂಕ್ಷ್ಮವಾಗಿ ಹೆಸರು ಬೇರ್ಪಡಿಸಬಲ್ಲ ಜನರಿಗೆ, ತಾವು ಕೊಳ್ಳುವ ಹಗ್ಗದಲ್ಲಿಯೂ ಅಷ್ಟೇ ನಿಖರತೆಯನ್ನು ಒದಗಿಸುವುದು ಈ ಭಾಗದ ವರ್ತಕರ ಕರ್ತವ್ಯ. ಮುಂದಿನ ಕೊಯ್ಲಿನ ಹಂಗಾಮು ಆರಂಭವಾಗುವ ಮುನ್ನ ಈ ವಿಷಯವನ್ನು ಸಂಘಗಳು ತಮ್ಮ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳುವುದು ಉಚಿತ.